ಜೀಪಿನ ತಲೆಯ ಮೇಲೆ ಎರಡು ದೋಣಿ

ಭಾರವನ್ನೆಲ್ಲ ಶಿವನ ಮೇಲೆ ಹಾಕಿ ಹಗುರಾಗಿ ನಡೆ ಎಂದು ನಮ್ಮಪ್ಪ ಹೇಳುತ್ತಿದ್ದರು. ಹಾಗೇ ನಡೆದುಕೊಂಡು ಬಂದಿದ್ದೇನೆ. ಆದರೆ ಭಾರವನ್ನು ಜೀಪಿನ ಮೇಲೆ ಹಾಕಬೇಕಾದಾಗ ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ. ಅದಕ್ಕೇ ಇರಬೇಕು, ಬೀದರದಲ್ಲಿ ಡ್ರಿಲ್ ಮಾಸ್ತರನಾಗಿರುವ ನನಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಬೆಳಗಿನ ಲಿಂಗಪೂಜೆ ಮುಗಿಸಿ ನನ್ನಷ್ಟಕ್ಕೆ ನಾನು ಕೂತಿದ್ದರೂ ಅವೇ ಮೈಲೂರಿನ ನಮ್ಮ ಮನೆ ಹುಡುಕಿಕೊಂಡು ಬಂದು ಕದ ಬಡಿಯುತ್ತವೆ.

ಮೆಣಸಿನಕಾಯಿಯ ತರಬೇತಿ

ಹೈದರಾಬಾದಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆಂದು ಎರಡು ಕಯಾಕ್ ಕಳಿಸಿಕೊಟ್ಟ. ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ ಕೂತು ಎರಡೂ ಬದಿಗೆ ಹುಟ್ಟು ಹಾಕುವ ಸಣಕಲು ದೋಣಿ. ಹದಿನಾಲ್ಕು ಅಡಿ ಉದ್ದ, ನಡುವೆ ಒಬ್ಬರು ಇಳಿದು ಕೂರುವಷ್ಟು ಗುಂಡಿ. ಶಾಲೆಯಲ್ಲಿ ಜಾಗವಿಲ್ಲವೆಂದು ನಮ್ಮ ಅಂಗಳದಲ್ಲಿ ಇಳಿಸಿದರು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಎಮ್ಮಿ ತರ್ತೀರೇನ್ರಿ ಸರ್? ನೀರ ಕುಡಸೂ ಬಾನಿ ಮಾತ್ರ ಮಜಬೂತ್ ಅವ" ಅಂದರು.

ನನ್ನ ಹೆಂಡತಿ ಎಮ್ಮೆ ಬರುವ ತನಕ ಕಾಯಲಿಲ್ಲ. ಎರಡೂ ಗುಂಡಿಗಳಲ್ಲಿ ಕೆಂಪು ಮೆಣಸಿನಕಾಯಿ ಒಣಹಾಕಿದಳು. ನಾನು ಬೇಡವೆಂದರೆ, "ಬಿಸಲಾಗ ಅದ, ಬೆಕ್ಕ ಹತ್ತೂದಿಲ್ಲ, ಗಾಳಿಗಿ ಹಾರೂದಿಲ್ಲ. ಮತ್ತೇನ್ ಬೇಕ್ರಿ?" ಅಂದಳು.

ಆ ದೋಣಿಗೆ ನಿಜವಾಗಿ ಮನಸ್ಸು ಕೊಟ್ಟವಳು ಒಬ್ಬಳೇ. ಔರಾದ ತಾಲೂಕಿನ ಚಿಂತಾಕಿಯಿಂದ ಬಂದು ನಮ್ಮ ಶಾಲೆಯಲ್ಲಿ ಓದುವ ಹುಡುಗಿ, ಹದಿನೇಳು ವರ್ಷ, ಕುರಿ ಸಾಕುವ ಮನೆತನ. ಬೇಲಿ ದಾಟಿಸಲು ಕುರಿ ಎತ್ತಿ ಎತ್ತಿ ಅವಳ ತೋಳು ನನ್ನ ತೋಳಿಗಿಂತ ಗಟ್ಟಿ. ಮೊದಲ ದಿನ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ದೋಣಿ ಕೆರೆಗೆ ಒಯ್ದೆವು. ಹುಡುಗಿ ಕೂತಳು. ಎರಡು ನಿಮಿಷ ಸುಮ್ಮನಿದ್ದಳು. ಆಮೇಲೆ ಹೊಡೆದಳು ನೋಡಿ ಹುಟ್ಟು, ಆಚೆ ದಡ ಮುಟ್ಟಿ, ಜಿಗಿದು ಸೊಂಟದ ತನಕ ನೀರಿನಲ್ಲಿ ನಿಂತುಬಿಟ್ಟಳು. ನಾನು ಮೆಚ್ಚಿ ಹತ್ತಿರ ಹೋದರೆ ಕಣ್ಣಲ್ಲಿ ನೀರು. "ಸರ್, ದೋಣ್ಯಾಗ ಖಾರ ಅದರಿ" ಅಂದಳು.

ಅಷ್ಟು ವೇಗ ನಾನು ಇನ್ನೂ ನೋಡಿಲ್ಲ ಎಂದು ಮನೆಗೆ ಬಂದು ಹೇಳಿದಾಗ ಹೆಂಡತಿ, "ಹಂಗಾರ ನಂದೂ ಒಂದೀಟ ಕೋಚಿಂಗ್ ಅದ ಅನ್ರಿ" ಅಂದಳು.

ಚಿದ್ರಿಯ ಉಸ್ತಾದ್

ಕೆಲವು ತಿಂಗಳಿಗೆ ಪತ್ರ ಬಂತು. ಭಾಲ್ಕಿ ಕಡೆ ಕಾರಂಜಾ ಹಿನ್ನೀರಿನಲ್ಲಿ ಆಯ್ಕೆ ಸ್ಪರ್ಧೆ. ಯಾರ ದೋಣಿ ಅವರೇ ತರಬೇಕು. ಬೆಳಿಗ್ಗೆ ಹತ್ತಕ್ಕೆ ದೋಣಿ ನೀರಿನಲ್ಲಿ ಇರಬೇಕು, ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಹುಡುಗಿಗೆ ಮುಂದಿನ ವರ್ಷ ವಯಸ್ಸು ಮೀರುತ್ತದೆ. ಇದೊಂದೇ ಸಲ. ಟ್ರ್ಯಾಕ್ಟರಿನವರು ಸುಗ್ಗಿಯ ರಾಶಿ ಕೆಲಸದಲ್ಲಿದ್ದರು. ಉಳಿದದ್ದು ನನ್ನ ಹಳೆಯ ಜೀಪು. ಅದರ ತಲೆಯ ಮೇಲೆ ಕ್ಯಾರಿಯರ್ ಇರಲಿಲ್ಲ.

ಎಂಥ ಕ್ಯಾರಿಯರ್ ಹಾಕಿಸಬೇಕೆಂದು ಹೈದರಾಬಾದಿನ ಹುಡುಗನನ್ನು ಕೇಳಿದೆ. ಅವನು ಮೊಬೈಲಿಗೆ ಫೋಟೋ ಕಳಿಸಿದ. ಅಡ್ಡಲಾಗಿ ಎರಡೇ ಎರಡು ಸರಳು, ಮೇಲೆ ಮೆತ್ತನೆಯ ದಿಂಬು, ಕಟ್ಟಲು ಪಟ್ಟಿ. ಅದನ್ನು ಒಯ್ದು ಚಿದ್ರಿಯ ವೆಲ್ಡರ್ ಉಸ್ತಾದನಿಗೆ ತೋರಿಸಿದೆ. ಅವನು ಫೋಟೋ ದೊಡ್ಡದು ಮಾಡಿ ನೋಡಿ, ಸಣ್ಣದು ಮಾಡಿ ನೋಡಿ, "ಇದು ಟಾವೆಲ್ ಒಣಗಸೂದು ಅದರಿ ಸರ್" ಎಂದು ಫೋನು ವಾಪಸು ಕೊಟ್ಟ.

"ಇದರ ಮ್ಯಾಲೇ ದೋಣಿ ಒಯ್ತಾರಂತ ಉಸ್ತಾದ್."

"ಒಯ್ಲಿ. ನಮ್ಮ ಮಂದಿ ಇದರ ಮ್ಯಾಲ ಹ್ಯಾಂಗ ಕೂಡಬೇಕ್ರಿ?"

"ಮಂದಿ ಕೂಡೂದಿಲ್ಲ. ಬರೇ ದೋಣಿ."

"ಇವತ್ತ ದೋಣಿ, ನಾಳಿ ಮಂದಿ. ಕ್ಯಾರಿಯರ್ ಇದ್ದ ಗಾಡಿ ಖಾಲಿ ಹೋಗಿದ್ದ ಬೀದರದಾಗ ನಾ ಇನ್ನಾ ನೋಡಿಲ್ರಿ. ನೀವ್ ಫಿಕರ್ ಮಾಡಬ್ಯಾಡ್ರಿ."

ನಾನು ಫಿಕರ್ ಮಾಡದೆ ಜೀಪು ಬಿಟ್ಟು ಬಂದೆ. ಮೂರು ದಿನದ ಮೇಲೆ ಹೋದರೆ ಜೀಪಿನ ಮೇಲೆ ಒಂದು ಕೋಟೆ ನಿಂತಿತ್ತು. ನಾಲ್ಕೂ ಕಡೆ ಮೊಣಕಾಲೆತ್ತರದ ಕಬ್ಬಿಣದ ಕಟಾಂಜನ, ಹಿಂದೆ ಏಣಿ. ಒಳಗಿನ ಉದ್ದ ಆರು ಅಡಿ. ದೋಣಿ ಹದಿನಾಲ್ಕು. ಉಸ್ತಾದ ಗಡ್ಡ ಕೆರೆದುಕೊಂಡು ಯೋಚನೆ ಮಾಡಿ, "ದೋಣಿ ಜರಾ ಕೊಯ್ದ್ರ ಬರೋಬರ್ ಕೂಡತದರಿ" ಅಂದ. ಕೈ ಮುಗಿದು ಹೇಳಿದ ಮೇಲೆ ಒಲ್ಲದ ಮನಸ್ಸಿನಿಂದ ಹಿಂದು ಮುಂದಿನ ಕಟಾಂಜನ ಕೊಯ್ದುಕೊಟ್ಟ.

ಹೊರಡೋಣವೆಂದು ಜೀಪು ಚಾಲೂ ಮಾಡಿದಾಗ ಇನ್ನೊಂದು ವಿಷಯ ತಿಳಿಯಿತು. ಉಸ್ತಾದ ಅದನ್ನೆಲ್ಲ ಅಂಗಡಿಯ ಒಳಗೇ ಜೀಪಿಗೆ ಬೆಸುಗೆ ಹಾಕಿದ್ದ. ಈಗ ಜೀಪು ಅಂಗಡಿಯ ಶಟರಿಗಿಂತ ನಾಲ್ಕು ಬೆರಳು ಎತ್ತರ. ನಾನು ಶಿವನ ಮುಖ ನೋಡಿದೆ; ಉಸ್ತಾದ ಎದುರಿನ ಚಹಾದಂಗಡಿಯ ಮುಖ ನೋಡಿದ. ಕರೆದ ಕೂಡಲೇ ಹನ್ನೊಂದು ಮಂದಿ ಬಂದು ಜೀಪಿನೊಳಗೆ ಒತ್ತಿ ಕೂತರು. ಸ್ಪ್ರಿಂಗಿನ ಪಾಟಾ ಕುಗ್ಗಿತು, ಜೀಪು ತಗ್ಗಿತು, ಶಟರಿನ ಕೆಳಗೆ ಕೂದಲೆಳೆಯ ಅಂತರದಲ್ಲಿ ಹೊರಗೆ ಬಂತು. ನಾನು ಇಳಿದು ಎಲ್ಲರಿಗೂ ಶರಣು ಮಾಡಿದೆ. ಯಾರೂ ಇಳಿಯಲಿಲ್ಲ.

"ಹ್ಯಾಂಗೂ ಕೂತೀವಿ, ಬಸ್‌ಸ್ಟ್ಯಾಂಡ್ ತನಾ ಬಿಡ್ರಿ ಸರ್" ಅಂದರು.

ಬೇಡವೆನ್ನಲಾಗದ ದಾರಿ

ಹುಡುಗಿ ರಜೆಗೆ ಊರಿಗೆ ಹೋಗಿದ್ದಳು. ಚಿಂತಾಕಿಯ ಕೆರೆ ತುಂಬಿತ್ತು. ಸ್ಪರ್ಧೆಯ ತನಕ ಅಲ್ಲೇ ಅಭ್ಯಾಸ ಮಾಡಲಿ ಎಂದು ಎರಡೂ ದೋಣಿ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಹೊರಟೆ.

ಊರ ಹೊರಗೆ ಒಬ್ಬ ಅಜ್ಜಿ ಕೈ ಮಾಡಿದಳು. ಜೋಳದ ಚೀಲ. ಕೈ ಚಾಚಿದವರೊಳಗೆ ದೇವರಿದ್ದಾನೆ ಎಂದು ನಂಬಿದವನು ನಾನು, ನಿಲ್ಲಿಸಿದೆ. ಮುಂದೆ ಒಬ್ಬರ ಹಗ್ಗದ ಹೊರಸು, ಇನ್ನೊಬ್ಬರ ಮಗಳ ಮನೆಗೆ ಹೊರಟ ಮಿಕ್ಸರ್, ಆಮೇಲೆ ಎರಡು ಕೋಳಿ. ಏಣಿ ಇತ್ತಲ್ಲ, ನನ್ನನ್ನು ಯಾರೂ ಕೇಳುವ ಗೋಜಿಗೂ ಹೋಗಲಿಲ್ಲ. ಗಾಡಿ ನಿಧಾನವಾದಲ್ಲೆಲ್ಲ ಯಾರೋ ಹತ್ತುತ್ತಿದ್ದರು, ಏನೋ ಇಡುತ್ತಿದ್ದರು. ಔರಾದದಲ್ಲಿ ಬಹಳಷ್ಟು ಇಳಿಯಿತು. ದೇವರು ಇಷ್ಟು ರೂಪದಲ್ಲಿ ಬಂದು ಹೋದನಲ್ಲ ಎಂದು ಸಂತೋಷದಲ್ಲೇ ಚಿಂತಾಕಿ ಮುಟ್ಟಿದೆ.

ಹುಡುಗಿ ಓಡಿ ಬಂದಳು. ಹಿಂದೆ ಅವಳ ಅಪ್ಪ, ಹೆಗಲ ಮೇಲೆ ಕರಿ ಕಂಬಳಿ, ಮಾತು ಕಡಿಮೆ. ಇಬ್ಬರೂ ಮೇಲೆ ನೋಡುತ್ತ ನಿಂತರು. ನಾನೂ ನೋಡಿದೆ. ಎಡಗಡೆಯ ದೋಣಿಯ ಗುಂಡಿಯಿಂದ ಮೊದಲು ಒಂದು ರುಮಾಲು ಎದ್ದಿತು, ಆಮೇಲೆ ಅದರ ಕೆಳಗೆ ಒಬ್ಬ ಅಜ್ಜ. ಕಣ್ಣು ಒರೆಸಿಕೊಂಡು ಸುತ್ತ ನೋಡಿದ.

"ಔರಾದ ಬಂತೇನ್ರಿ?"

"ಬಂದು ಹೋಯ್ತ್ರಿ ಅಜ್ಜಾರ."

"ಹೋಗ್ಲಿ ಬಿಡ್ರಿ. ನಿದ್ದಿ ಛಲೋ ಆತು. ನೀವ್ ತಿರುಗಿ ಹೋಗುವಾಗ ಎಬ್ಬಸ್ರಿ" ಎಂದು ಮತ್ತೆ ಒಳಗೆ ಇಳಿದ.

ಕುರುಬನ ಕ್ಯಾರಿಯರ್

ಅಜ್ಜನನ್ನು ಇಳಿಸಿ, ಚಹಾ ಕೊಟ್ಟು, ದೋಣಿ ಕೆಳಗಿಟ್ಟಾಗ ನಗು ನಿಂತಿತು. ಅಜ್ಜನ ದೋಣಿಯ ಹೊಟ್ಟೆ ಕಬ್ಬಿಣಕ್ಕೆ ತಿಕ್ಕಿ ಒಂದು ಗೇಣು ಸೀಳಿತ್ತು. ನಾನು ಹಣೆ ಹಿಡಿದು ಕೂತೆ. ಹುಡುಗಿಯೇ ನನಗೆ ಸಮಾಧಾನ ಹೇಳಿದಳು. "ಇನ್ನೊಂದ ಅದಲ್ರಿ ಸರ್. ನಾನೂ ಒಬ್ಬಾಕಿನೇ ಇದ್ದೀನಿ."

ಅವಳಪ್ಪ ಸೀಳಿದ ಜಾಗದ ಮೇಲೆ, ಗಾಯವಾದ ಕುರಿಯ ಮೈ ಸವರಿದ ಹಾಗೆ ಕೈಯಾಡಿಸಿದ. ಆಮೇಲೆ ಕ್ಯಾರಿಯರ್ ನೋಡಿ, "ಎಳೀ ಮರೀನ ಕಬ್ಬಿಣದ ಮ್ಯಾಲ ಹೊರಸ್ತಾರೇನ್ರಿ?" ಎಂದಷ್ಟೇ ಕೇಳಿದ.

ಸ್ಪರ್ಧೆಯ ದಿನ ನಸುಕಿಗೇ ನಾನು ಹೆಂಡತಿಯೊಡನೆ ಚಿಂತಾಕಿಗೆ ಹೋಗುವಷ್ಟರಲ್ಲಿ ಅವನು ಎರಡು ಜಾಲಿ ತೊಲೆ ಕೆತ್ತಿಟ್ಟಿದ್ದ. ಕಬ್ಬಿಣದ ಮೇಲೆ ಅವನ್ನು ಅಡ್ಡಲಾಗಿ ಬಿಗಿದ, ಒಂದೊಂದಕ್ಕೂ ಹಳೆಯ ಕಂಬಳಿ ನಾಲ್ಕು ಸುತ್ತು ಸುತ್ತಿದ, ದೋಣಿಯನ್ನು ಬೋರಲು ಮಲಗಿಸಿ ಮೇಲೊಂದು ಕಂಬಳಿ ಹೊದಿಸಿದ, ಉಣ್ಣೆ ಹಗ್ಗದಿಂದ ಕಟ್ಟಿದ. ನನಗೆ ಥಟ್ಟನೆ ನೆನಪಾಗಿ ಮೊಬೈಲ್ ತೆಗೆದು ಹೈದರಾಬಾದಿನ ಫೋಟೋ ತೋರಿಸಿದೆ. ಎರಡು ಸರಳು, ಎರಡು ದಿಂಬು, ಒಂದು ಪಟ್ಟಿ. ಅದೇ.

ಅವನು ಬಹಳ ಹೊತ್ತು ನೋಡಿ, "ನಮ್ಮದು ಯಾವಾಗ ನೋಡ್ಕೊಂಡ ಹೋಗ್ಯಾರ್ರಿ ಇವ್ರು?" ಅಂದ.

ಹೊರಡುವಾಗ ಒಂದೇ ಮಾತು ಹೇಳಿದ. "ಹಗ್ಗ ನಮ್ಮವ್ವ ಹೊಸೆದಿದ್ದು ಅದರಿ. ಆಕಿ ಈಗಿಲ್ಲ. ಕೊಯ್ಯಬ್ಯಾಡ್ರಿ. ಒಂದ ಎಳಿ ಜಗ್ಗಿದ್ರ ಸಾಕು, ಬಿಚ್ಚತದ."

ಯಾವ ಎಳೆ ಎಂದು ನಾನು ಕೇಳಲಿಲ್ಲ.

ಭಾಲ್ಕಿಯ ಚಹಾ

ನನ್ನ ಹೆಂಡತಿ ದೋಣಿಗೆ ಪೂಜೆ ಮಾಡಿ, ಕಂಬಳಿಯ ಮೇಲೆ ಚೆಂಡುಹೂವಿನ ಮಾಲೆ ಹಾಕಿದ್ದಳು. ನಮ್ಮ ಕಣ್ಣಿಗೆ ಬಹಳ ಚಂದ ಕಾಣುತ್ತಿತ್ತು. ಭಾಲ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೋಟೆಲಿನ ಮುಂದೆ ಕೂತಿದ್ದವರೆಲ್ಲ ಜೀಪಿನ ಮೇಲೆ ನೋಡಿ ಎದ್ದು ನಿಂತರು. ಒಬ್ಬರು ಟೋಪಿ ತೆಗೆದರು. ಒಬ್ಬರು ಕೈ ಮುಗಿದರು. ಹೋಟೆಲಿನವನು ಹಾಡು ಬಂದ್ ಮಾಡಿದ. ಕ್ರೀಡೆಗೆ ಇಷ್ಟು ಗೌರವವೇ ಎಂದು ನಾನೂ ಎಲ್ಲರಿಗೂ ಕೈ ಮುಗಿದೆ.

ಒಬ್ಬ ಹಿರಿಯರು ಹತ್ತಿರ ಬಂದು ಮೆಲ್ಲಗೆ, "ಯಾರದ್ರಿ?" ಅಂದರು.

"ನಮ್ಮ ಸಾಲಿ ಹುಡುಗೀದ್ರಿ."

"ಶಿವ ಶಿವ. ವಯಸ್ಸೆಷ್ಟ್ರಿ?"

ಹಿಂದಿನ ಸೀಟಿನಿಂದ ಹುಡುಗಿ ತಲೆ ಹೊರಗೆ ಹಾಕಿ, "ಹದಿನೇಳರಿ ಅಜ್ಜಾ. ನನಗೊಂದ ಚಹಾ ಹೇಳ್ರಿ" ಅಂದಳು.

ಹಿರಿಯರು ಚಹಾ ಹೇಳಲಿಲ್ಲ. ತಮ್ಮ ಕೈಯಲ್ಲಿದ್ದದ್ದನ್ನೇ ಕೊಟ್ಟು ದೂರ ಹೋಗಿ ನಿಂತರು.

ಗಂಟು

ಕಾರಂಜಾ ದಂಡೆ ಮುಟ್ಟಿದಾಗ ಒಂಬತ್ತೂವರೆ. ಹುಡುಗಿ ಹೆಸರು ಬರೆಸಿ ನಂಬರ್ ತರಲು ಡೇರೆಗೆ ಓಡಿದಳು. ನಾನು ಹಗ್ಗಕ್ಕೆ ಕೈ ಹಾಕಿದೆ.

ಒಂದು ಎಳೆ ಜಗ್ಗಿದೆ. ಗಂಟು ಬಿಗಿಯಾಯಿತು. ಇನ್ನೊಂದು ಜಗ್ಗಿದೆ. ಇನ್ನೂ ಬಿಗಿಯಾಯಿತು. ಹೆಂಡತಿ ಜಗ್ಗಿದಳು, ಇಬ್ಬರು ಮೀನುಗಾರರು ಬಂದು ಜಗ್ಗಿದರು, ಬೇರೆ ಜಿಲ್ಲೆಯ ಕೋಚ್ ಬಂದು ಹಲ್ಲಿನಿಂದ ಕಚ್ಚಿ ಜಗ್ಗಿದರು. ಒಬ್ಬ ಮೀನುಗಾರ ಕೊನೆಗೆ, "ಈ ಗಂಟ ಕಟ್ಟಿದಾವ್ರಿಗಿ ಬಿಚ್ಚೂ ಮನಸೇ ಇದ್ದಂಗಿಲ್ರಿ" ಎಂದು ಕುಡಗೋಲು ತಂದ. ನಾನು ತಡೆದೆ. ಆ ಹಗ್ಗದಲ್ಲಿ ಒಬ್ಬ ತಾಯಿಯ ಕೈ ಇತ್ತು. ಚಿಂತಾಕಿಗೆ ಫೋನು ಮಾಡಿದೆ. "ಕುರಿ ಹಿಂದ ಹೋಗ್ಯಾರ್ರಿ. ಫೋನ್ ಮನ್ಯಾಗೇ ಬಿಟ್ಟಾರ" ಎಂದು ಅವನ ಹೆಂಡತಿ ಹೇಳಿದಳು.

ಮೈಕಿನಲ್ಲಿ ಇನ್ನು ಹತ್ತು ನಿಮಿಷ ಎಂದರು. ಕೈಲಾದದ್ದೆಲ್ಲ ಮುಗಿದಿತ್ತು. ಜೀಪಿನ ಮುಂದೆ ನಿಂತು, ಬಾನೆಟ್ಟಿನ ಮೇಲೆ ಎರಡೂ ಕೈ ಇಟ್ಟು, ಕಣ್ಣು ಮುಚ್ಚಿದೆ. ತಂದೆ, ಕಟ್ಟಿದವನೂ ನೀನೇ, ಬಿಚ್ಚುವವನೂ ನೀನೇ. ಹುಡುಗಿಗೆ ಇದೊಂದೇ ಸಲ. ನನ್ನ ಬುದ್ಧಿ ಮುಗಿಯಿತು, ಇನ್ನು ನಿನ್ನದು ಸುರು ಮಾಡು. ಹೀಗೆ ಬೇಡುತ್ತ ಎಷ್ಟು ಹೊತ್ತು ನಿಂತಿದ್ದೆನೋ, ಮನಸ್ಸು ತಣ್ಣಗಾಯಿತು. ಕಣ್ಣು ತೆರೆದು ಮೇಲೆ ನೋಡಿದೆ.

ದೋಣಿ ಇರಲಿಲ್ಲ.

ಎರಡು ತೊಲೆ, ಕಂಬಳಿ, ಅಚ್ಚುಕಟ್ಟಾಗಿ ಸುತ್ತಿಟ್ಟ ಹಗ್ಗ. ಅಷ್ಟೇ. ನಿಂತಲ್ಲೇ ನೆಲಕ್ಕೆ ಉದ್ದಕ್ಕೆ ಅಡ್ಡಬಿದ್ದೆ. ಹಿರಿಯರು ಅಡ್ಡಬಿದ್ದಾಗ ಕಾರಣ ಕೇಳಬಾರದೆಂಬ ಸಂಸ್ಕಾರ ನಮ್ಮ ಕಡೆ ಇನ್ನೂ ಇದೆ. ಇಬ್ಬರು ಮೀನುಗಾರರೂ ಕುಡಗೋಲು ಬದಿಗಿಟ್ಟು ನನ್ನ ಪಕ್ಕ ಅಡ್ಡಬಿದ್ದರು.

"ಏಳ್ರಿ, ರೇಸ್ ಸುರು ಆಗ್ತದ" ಎಂದು ಹೆಂಡತಿ ಹೆಗಲು ಅಲುಗಾಡಿಸಿದಳು.

ಎದ್ದು ನೋಡಿದರೆ ನಮ್ಮ ದೋಣಿ ನೀರಿನಲ್ಲಿ, ಹುಡುಗಿ ದೋಣಿಯಲ್ಲಿ, ಸಾಲಿನಲ್ಲಿ ಮೂರನೆಯವಳು. ಸೀಟಿ ಊದಿದರು. ಅವಳು ಮೆಣಸಿನಕಾಯಿಯ ದಿನಕ್ಕಿಂತ ಜೋರಾಗಿ ಹೋದಳು. ಇಬ್ಬರನ್ನು ಆರಿಸಬೇಕಿತ್ತು, ಅವಳು ಎರಡನೆಯವಳಾಗಿ ಬಂದಳು. ದಂಡೆಯ ಮೇಲೆ ನಾನು ಅತ್ತೆನೆಂದು ಹೆಂಡತಿ ಹೇಳುತ್ತಾಳೆ. ಬಿಸಿಲು ಕಣ್ಣಿಗೆ ಹೊಡೆದಿತ್ತೆಂದು ನಾನು ಹೇಳುತ್ತೇನೆ.

ಮಧ್ಯಾಹ್ನ ಚಿಂತಾಕಿಯಿಂದ ಫೋನು ಬಂತು. ಹಿಂದೆ ಕುರಿಗಳ ಸದ್ದು. "ಹಗ್ಗ ಕೊಯ್ದಿಲ್ಲಲ್ರಿ?"

"ಇಲ್ರಿ. ನಿಮ್ಮ ಮಗಳು ಆರಿಸಿ ಬಂದಾಳ."

ಅವನು ಮೊದಲು ಕುರಿಗಳಿಗೆ ಸುದ್ದಿ ಹೇಳಿದ. ಆಮೇಲೆ ಅವನು, "ಹಂಗಾರ ಆ ಹಗ್ಗ ಆಕೀ ಹಂತ್ಯಾಕೇ ಇರಲ್ರಿ" ಅಂದ.

ದೋಣಿಯನ್ನು ಮುಂದಿನ ತರಬೇತಿಗೆಂದು ಅಲ್ಲೇ ಇಟ್ಟುಕೊಂಡರು. ಕ್ಯಾರಿಯರ್ ಖಾಲಿಯಾದ ಸುದ್ದಿ ದಂಡೆಗೆಲ್ಲ ಹಬ್ಬಿತ್ತು. ಹೊರಡುವ ಹೊತ್ತಿಗೆ ಮೂರು ಬುಟ್ಟಿ ಮೀನು, ಒಂದು ಬಲೆ, ನನ್ನ ಜೊತೆ ಅಡ್ಡಬಿದ್ದ ಇಬ್ಬರೂ ಮೇಲೆ ಕೂತಿದ್ದರು. ದಾರಿಯಲ್ಲಿ ನಾನು ಹುಡುಗಿಗೆ ಪವಾಡದ ಕಥೆ ಹೇಳಿದೆ. ಹೇಗೆ ಕಣ್ಣು ಮುಚ್ಚಿದೆ, ಹೇಗೆ ಬೇಡಿದೆ, ಹೇಗೆ ಗಂಟು ತಾನಾಗಿ ಬಿಚ್ಚಿತು.

ಅವಳು ಸಂಕೋಚದಿಂದ, "ಅದು ನಾನೇ ಬಿಚ್ಚಿದ್ದರಿ ಸರ್" ಅಂದಳು. "ನಂಬರ್ ತಗೊಂಡ ಬಂದೆ, ನೀವ್ ಕಣ್ಣ ಮುಚ್ಚಿದ್ರಿ. ಎಡಗಡಿ ಕೆಳಗಿನ ಎಳಿ ಜಗ್ಗಿದೆ. ದಿನಾ ಕುರಿ ಹಟ್ಟಿಗಿ ನಾವ್ ಅದೇ ಗಂಟ ಹಾಕ್ತೀವ್ರಿ. ನನ್ನ ಯಾರೂ ಕೇಳಲೇ ಇಲ್ಲ."

ನನಗೆ ನಾಚಿಕೆಯಾಯಿತು. ಹೆಂಡತಿಯ ಕಡೆ ತಿರುಗಿ, "ಅಂದ್ರ ಅದು ದೇವರ ಕೆಲಸ ಅಲ್ಲೇನು?" ಅಂದೆ.

ಅವಳು ಸೆರಗು ಸರಿಮಾಡಿಕೊಂಡು, "ಪೂರಾ ದೇವರದೇ ಕೆಲಸರಿ" ಅಂದಳು. "ಆಕಿ ಬಿಚ್ಚೂ ತನಾ ನೀವು ನಡುವ ಕೈ ಹಾಕಬಾರದಂತ ಅವನೇ ನಿಮ್ಮ ಕಣ್ಣ ಮುಚ್ಚಿಸಿದ."