ಏಳು ವೀರರ ನಡುವೆ ನನ್ನ ಹೂಂಕಾರ

ಕೇಳಿಸಿಕೊಳ್ಳದೆಯೇ ಹೂಂಗುಟ್ಟುವುದು ಒಂದು ವಿದ್ಯೆ, ಅದರಲ್ಲಿ ನಾನು ಪರಿಣತ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗಂಡಂದಿರಿಗೆಲ್ಲ ಇದು ಅಷ್ಟಿಷ್ಟು ಬರುತ್ತದೆ. ಆದರೆ ಅಭ್ಯಾಸ ಸಾಲದೆ ಸಿಕ್ಕಿಬೀಳುವವರೇ ಹೆಚ್ಚು. ಒಂದೇ ಅಳತೆಯ ಹೂಂ ಮೂರು ಸಲ ಬಂದರೆ ಹೆಂಡತಿಯಾದವಳು ಮಾತು ನಿಲ್ಲಿಸಿ, "ನಾ ಈಗ ಏನಂದೆ, ಹೇಳ್ರಿ" ಎನ್ನುತ್ತಾಳೆ. ಆದ್ದರಿಂದ ಅವಳ ಸ್ವರ ಏರಿದಾಗ "ಹೂಂ?" ಎಂದು ಬಾಲ ಎತ್ತಬೇಕು. ಇಳಿದಾಗ ಮೂಗಿನಿಂದ ಉದ್ದಕ್ಕೆ ಉಸಿರು ಬಿಡಬೇಕು. ಯಾರದೋ ಹೆಸರು ಎರಡು ಸಲ ಕಿವಿಗೆ ಬಿದ್ದರೆ ಪತ್ರಿಕೆಯಿಂದ ಕಣ್ಣೆತ್ತಿ "ಅಂವಾ ಏನು!" ಎಂದು ಸೇರಿಸಬೇಕು. ಚಿಕ್ಕಂದಿನಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ಹೂಂ ಅನ್ನದಿದ್ದರೆ ರಾಜಕುಮಾರನನ್ನು ಅಡವಿಯಲ್ಲೇ ಬಿಟ್ಟು ಎದ್ದುಹೋಗುತ್ತಿದ್ದಳು. ಅದಕ್ಕೆ ಹೆದರಿ ನಾನು ನಿದ್ದೆಯಲ್ಲೂ ಹೂಂಗುಟ್ಟುತ್ತಿದ್ದೆನಂತೆ. ಅಂತೆ ಎಂದು ಯಾಕೆ ಹೇಳುತ್ತೇನೆಂದರೆ, ಇದು ನನ್ನ ನೆನಪೋ, ಯಾರೋ ಹೇಳಿದ್ದರ ನೆನಪೋ ನನಗೆ ಖಾತ್ರಿಯಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದರ ಫಲ ಇದು. ಆಧಾರವಿಲ್ಲದೆ ಯಾವುದನ್ನೂ ನಂಬಬಾರದು ಎಂದು ಅಲ್ಲಿ ಕಲಿಸಿದರು. ಏನನ್ನೂ ನಂಬದೆ ಸಂಜೆಗಳನ್ನು ಕಳೆಯುವುದು ಹೇಗೆಂದು ಕಲಿಸಲಿಲ್ಲ.

ನನ್ನ ಮನೆ ಶಹಾಬಾದಿನಲ್ಲಿ, ಪಾಠ ಹೇಳುವುದು ಚಿತ್ತಾಪುರದ ಕಾಲೇಜಿನಲ್ಲಿ. ಬೆಳಿಗ್ಗೆ ರೈಲು ಹತ್ತಿ ವಾಡಿಯಲ್ಲಿ ಇಳಿದು, ಇನ್ನೊಂದು ರೈಲಿಗೆ ಕಾಯುವುದು ನನ್ನ ದಿನದ ಮೊದಲ ಪಾಳಿ. ಹೆಂಡತಿ ನೀಲಮ್ಮ ನಮ್ಮೂರಿನ ಹೈಸ್ಕೂಲಿನಲ್ಲೇ ಟೀಚರಾಗಿದ್ದಳು. ಎರಡು ವರ್ಷದ ಹಿಂದೆ ಬಡ್ತಿ ಸಿಕ್ಕಿ ಮುಖ್ಯ ಶಿಕ್ಷಕಿಯಾಗಿ ಚಿಂಚೋಳಿ ಕಡೆಯ ಒಂದು ಶಾಲೆಗೆ ಹೋದಳು. ದಿನಾ ಹೋಗಿಬರುವಷ್ಟು ಹತ್ತಿರವಲ್ಲ. ಅಲ್ಲೇ ಒಂದು ಖೋಲಿ ಹಿಡಿದಿದ್ದಾಳೆ. ಎರಡು ವಾರಕ್ಕೊಮ್ಮೆ ಶನಿವಾರ ಬಂದು ರವಿವಾರ ಹೋಗುತ್ತಾಳೆ. ಮಕ್ಕಳಿಲ್ಲದ ಮನೆ. ಉಳಿದ ಹದಿಮೂರು ದಿನ ನಾನು, ನೆಲದ ಫರಸಿ ಕಲ್ಲು ಮತ್ತು ಟಿವಿ. "ಮೇಡಮ್ಮರು ಯಾಕ್ರಿ ಅಷ್ಟ ದೂರ ಹೋದ್ರು?" ಎಂದು ಯಾರು ಕೇಳಿದರೂ ನನ್ನ ಉತ್ತರ ಸಿದ್ಧವಿತ್ತು: "ನಮ್ಮನ್ನ ಯಾರ ಕೇಳ್ತಾರ್ರಿ? ಹಾಕಿದ್ರು, ಹೋದ್ಳು." ವಾಡಿ ಸ್ಟೇಶನ್ನಿನ ಚಹಾದವನಿಗೂ ಇದು ಬಾಯಿಪಾಠವಾಗಿತ್ತು. ನಾನು ಬೆಂಚಿನ ಮೇಲೆ ಕೂತೊಡನೆ ಕಪ್ಪು ಕೊಡುತ್ತ, "ಇನ್ನೂ ಕೇಳಿಲ್ಲೇನ್ರಿ ಸರ್ ನಿಮ್ಮನ್ನ?" ಎನ್ನುತ್ತಿದ್ದ.

ಈಗ ರಾಕ್ಷಸರ ವಿಷಯಕ್ಕೆ ಬರುತ್ತೇನೆ. ನೀಲಾ ಇನ್ನೂ ಇಲ್ಲಿಯ ಶಾಲೆಯಲ್ಲಿದ್ದಾಗ ಅವಳ ತರಗತಿಯ ಗಣಿತದ ನೋಟ್‌ಬುಕ್ಕುಗಳ ಕೊನೆಯ ಹಾಳೆಗಳಲ್ಲಿ ಕತ್ತಿ ಹಿಡಿದ, ಕೂದಲು ನೆಟ್ಟಗೆ ನಿಂತ ಮನುಷ್ಯರು ಹುಟ್ಟಿಕೊಳ್ಳತೊಡಗಿದರು. ವಿಚಾರಿಸಿದರೆ, ಅದೊಂದು ಜಪಾನಿನ ಅನಿಮೆ, ಅಂದರೆ ಕಾರ್ಟೂನಿನ ಧಾರಾವಾಹಿ, ಹಿಂದಿಯಲ್ಲೂ ಬರುತ್ತದೆ ಎಂದು ಹುಡುಗಿಯರು ಹೇಳಿದರು. ಬೈಯುವುದಕ್ಕೆ ಮುಂಚೆ ಏನೆಂದು ತಿಳಿದುಕೊಳ್ಳೋಣ ಎಂದು ನೀಲಾ ಒಂದು ಕಂತು ನೋಡಿದಳು. ಬೈಯುವುದು ಅಲ್ಲಿಗೇ ನಿಂತಿತು. ಪಕ್ಕದ ಮನೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿರುವ ಲಾಲಬಿಯೂ ಜೊತೆಗೂಡಿದಳು. ದಿನಾ ಸಂಜೆ ಇಬ್ಬರೂ ನಮ್ಮ ಪಡಸಾಲೆಯಲ್ಲಿ ಕೂತು, ಒಬ್ಬಳು ಅವರೆಕಾಯಿ ಸುಲಿಯುತ್ತ, ಇನ್ನೊಬ್ಬಳು ಜಂಪರಿಗೆ ಗುಂಡಿ ಹಚ್ಚುತ್ತ, ರಾಕ್ಷಸರ ತಲೆ ಉರುಳುವುದನ್ನು ನೋಡುತ್ತಿದ್ದರು. ನಾನು ಮೂಲೆಯ ಕುರ್ಚಿಯಲ್ಲಿ ಪತ್ರಿಕೆಯ ಹಿಂದೆ ಇರುತ್ತಿದ್ದೆ. ನೀಲಾ ಆಗಾಗ ತಿರುಗಿ ನನಗೂ ಕಥೆ ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ.

ಚಿಂಚೋಳಿಗೆ ಹೋದ ಮೇಲೆ ಸಂಜೆ ಏಳಕ್ಕೆ ಅವಳ ಫೋನು ಬರುತ್ತಿತ್ತು. ಮೊದಮೊದಲು ಅರ್ಧ ಗಂಟೆ. ಬರಬರುತ್ತ ಊಟ ಆಯಿತೇ, ಆಯಿತು, ನೀರು ಬಂತೇ, ಬಂತು ಎನ್ನುವಲ್ಲಿಗೆ ಮುಗಿಯತೊಡಗಿತು. ಕಳೆದ ತಿಂಗಳು ಒಂದು ಸೋಮವಾರ ಮಾತ್ರ ಅವಳ ದನಿಯಲ್ಲಿ ಹಳೆಯ ಹುರುಪಿತ್ತು. ಆ ಅನಿಮೆಯದೇ ಸಿನಿಮಾ ಬಂದಿದೆಯಂತೆ, ಶಾಲೆಯ ಟೀಚರುಗಳ ಜೊತೆ ಕಲಬುರಗಿಗೆ ಹೋಗಿ ನೋಡಿಬಂದಳಂತೆ.

"ನಿಮಗ ಹೇಳಿದ್ನೆಲ್ರಿ, ಥೇಟ್ ನಿಮ್ಮಂಗ ಅದಾನ ಅಂತ? ಪಾಪ, ಸತ್ತೇ ಹೋದ ನೋಡ್ರಿ."

"ಹೂಂ," ಎಂದೆ.

ಫೋನಿಟ್ಟ ಮೇಲೆ ಕಳವಳ ಶುರುವಾಯಿತು. ನನ್ನಂಥವನೊಬ್ಬ ಜಪಾನಿನಲ್ಲಿದ್ದ, ಈಗ ತೀರಿಕೊಂಡಿದ್ದಾನೆ, ಆತ ಯಾರೆಂದು ನನಗೆ ಗೊತ್ತಿಲ್ಲ. ಕೇಳುವಂತಿಲ್ಲ. ಕೇಳಿದರೆ ಇಷ್ಟು ವರ್ಷಗಳ ಹೂಂಗಳೆಲ್ಲ ಒಂದೇ ಏಟಿಗೆ ಖೋಟಾ ಆಗಿಬಿಡುತ್ತವೆ. ಅವಳು ಬರುವುದು ಶನಿವಾರ. ಬಂದವಳು ಅದೇ ಮಾತು ಮುಂದುವರಿಸುತ್ತಾಳೆ. ದಿನಕ್ಕೆ ನಾಲ್ಕು ಮಾತಿಗೆ ಇಳಿದಿರುವ ನಮ್ಮ ನಡುವೆ ಈ ಒಂದು ಮಾತೂ ಬಿದ್ದುಹೋದರೆ ಆಮೇಲೆ ನೀರು ಬಂತೇ ಎನ್ನುವುದಷ್ಟೇ ಉಳಿಯುತ್ತದೆ. ಹಾಗಾಗಿ, ಮಳಖೇಡದ ಕೋಟೆಗೆ, ಸನ್ನತಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವಾಗ ಒಯ್ಯುವ ಟಿಪ್ಪಣಿ ಪುಸ್ತಕವನ್ನೇ ತೆಗೆದು, ಕಾಲೇಜಿನಿಂದ ಬಂದೊಡನೆ ಟಿವಿಯ ಮುಂದೆ ಕೂತೆ. ಎರಡು ಸಂಜೆ ಬಿಟ್ಟೂಬಿಡದೆ ನೋಡಿದೆ. ಸಿನಿಮಾದಲ್ಲಿ ಸತ್ತವರು ಯಾರೆಂಬುದನ್ನು ಮಾತ್ರ ನಮ್ಮ ಕಾಲೇಜಿನ ಹುಡುಗಿಯರಿಂದ, ಪರೀಕ್ಷೆಗೆ ಸಂಬಂಧಪಟ್ಟದ್ದು ಎನ್ನುವ ಮುಖ ಮಾಡಿ ಕೇಳಿ ತಿಳಿದುಕೊಂಡೆ.

ಸಂಗತಿ ಇಷ್ಟು. ಆ ರಾಜ್ಯದಲ್ಲಿ ರಾಕ್ಷಸರ ಹಾವಳಿ. ಅವರನ್ನು ಬೇಟೆಯಾಡುವವರು ನೂರಾರು, ಆದರೆ ದೊಡ್ಡ ರಾಕ್ಷಸರ ಮುಂದೆ ನಿಲ್ಲಬಲ್ಲವರು ಏಳೇ ಮಂದಿ. ಒಬ್ಬೊಬ್ಬರದೂ ಒಂದೊಂದು ವರಸೆ. ಮಳೆಯ ವರಸೆಯವನು ಒಂದು ದೊಡ್ಡ ಹೊಡೆತ ಹಾಕುವುದಿಲ್ಲ, ಸಾವಿರ ಸಣ್ಣ ಹೊಡೆತ ಹಾಕುತ್ತಾನೆ. ಗಂಟೆಯ ವರಸೆಯ ಹೆಣ್ಣುಮಗಳು ಒರೆಯನ್ನು ಕಲ್ಲಿಗೆ ತಟ್ಟಿ, ಆ ನಾದಕ್ಕೆ ರಾಕ್ಷಸ ತಲೆ ತಿರುಗಿಸಿದ ಕ್ಷಣದಲ್ಲಿ ಕತ್ತಿ ಬೀಸುತ್ತಾಳೆ. ಆ ಏಳರಲ್ಲಿ ಸತ್ತವರು ಮೂವರು: ಹೊಗೆಯವನು, ಹಿಮದವನು, ಕಲ್ಲಿನವನು. ಹೊಗೆಯ ವರಸೆಯವನು ಕೆಲಸದ ಹೊತ್ತಿಗೆ ಮಾಯವಾಗಿ, ಮುಗಿದ ಮೇಲೆ ಕಾಣಿಸಿಕೊಳ್ಳುತ್ತಾನೆ. ಮನೆಗೆ ನೆಂಟರು ಬಂದಾಗಿನ ನನ್ನ ನಡವಳಿಕೆ ನೆನಪಾಗಿ ಅವನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಹಿಮದವನು ಯಾರ ಜೊತೆಗೂ ಮಾತಾಡುವುದಿಲ್ಲ, ಎದುರಾಳಿ ಕಾದು ಕಾದು ಹೆಪ್ಪುಗಟ್ಟುತ್ತಾನೆ. ಅವನಿಗೆ ಎರಡು ಚಿಹ್ನೆ. ಕಲ್ಲಿನ ವರಸೆಯವನು ನಿಂತಲ್ಲೇ ನಿಂತು ಏಟು ತಿನ್ನುತ್ತಾನೆ. ಹೊಡೆದು ಹೊಡೆದು ದಣಿದ ರಾಕ್ಷಸನನ್ನು ಒಂದೇ ಏಟಿಗೆ ಮುಗಿಸುತ್ತಾನೆ. ನನ್ನ ಮನಸ್ಸು ಅವನ ಕಡೆಗೇ ವಾಲಿತು. ಶಹಾಬಾದಿನವನು ಕಲ್ಲಿನವನಲ್ಲದೆ ಇನ್ನೇನು? ಮನೆಯೊಳಗೆ ಕಲ್ಲು, ಅಂಗಳಕ್ಕೆ ಕಲ್ಲು, ಭಂಕೂರದ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಕಲ್ಲು. ಗಂಭೀರ, ಸಹನಶೀಲ, ಅಚಲ. ನೀಲಾ ನನ್ನನ್ನು ಹೀಗೆ ಕಂಡಿದ್ದಳಲ್ಲ ಎಂದು ಒಂದು ಸಂಜೆ ಪೂರ್ತಿ ಹಿಗ್ಗಿದೆ. ಸತ್ತದ್ದಕ್ಕೆ ಸ್ವಲ್ಪ ಬೇಸರವೂ ಆಯಿತು.

ಹಿಗ್ಗು ಹೆಚ್ಚಾಗಿ ಗುರುವಾರ ಸಂಜೆ ಆ ಭಂಗಿಯನ್ನು ಪ್ರಯೋಗಿಸಿ ನೋಡಿದೆ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಎರಡೂ ಕೈಯಲ್ಲಿ ಕೊಡೆ ಹಿಡಿದು ಕೆಳಗಿಳಿದೆ. ಇಳಿಯುವುದು ಸುಲಭ. ಏಳುವುದಕ್ಕೆ ಜಪಾನೀಯರು ಏನು ಮಾಡುತ್ತಾರೋ ಟಿವಿಯಲ್ಲಿ ತೋರಿಸಿರಲಿಲ್ಲ. ಸೊಂಟ ಹಿಡಿದುಕೊಂಡು ಹಾಗೇ ನಿಂತಿರುವಾಗ, ಹೊಲಿದ ದಿಂಬಿನ ಗವಸು ಕೊಡಲು ಬಂದ ಲಾಲಬಿ ಬಾಗಿಲಲ್ಲಿ ನಿಂತಳು.

"ಯಾ ಅಲ್ಲಾ! ಸರ್, ಏನ್ ಮಾಡಾಕತ್ತೀರಿ?"

ಕುರ್ಚಿಗೆ ಒರಗಿಸಿ, ಬೆನ್ನಿಗೆ ಅದೇ ದಿಂಬು ಕೊಟ್ಟಳು. ನಾಚಿಕೆ ಹೇಗೂ ಹೋಗಿತ್ತು; ಇನ್ನೊಂದು ಸಾಕ್ಷಿಯನ್ನು ವಿಚಾರಿಸೋಣ ಎಂದು ಕೇಳಿಯೇಬಿಟ್ಟೆ. ನೀಲಾ ನನ್ನಂಗ ಅದಾನ ಅಂದದ್ದು ಕಲ್ಲಿನವನಿಗೇ ಹೌದಲ್ಲ?

ಲಾಲಬಿ ಬಾಯಿಗೆ ಸೆರಗು ಒತ್ತಿಕೊಂಡಳು. "ಸರ್, ಆ ಏಳ ಮಂದಿಯೊಳಗ ನಿಮ್ಮ ನಂಬರ್ ಇಲ್ರಿ. ಟೀಚರ್ ಅಂದಿದ್ದು ಆ ಚಾಪಿ ಮ್ಯಾಲಿನ ರಾಕ್ಷಸಗ."

ಆ ರಾಕ್ಷಸನನ್ನು ನಾನೂ ನೋಡಿದ್ದೆ. ಕೋರೆಹಲ್ಲಿಲ್ಲ, ಉಗುರಿಲ್ಲ. ಸಭ್ಯನಂತೆ ಚಾಪೆಯ ಮೇಲೆ ಕೂತಿರುತ್ತಾನೆ. ಜನ ಬಂದು ತಮ್ಮ ಸುಖದುಃಖ ಹೇಳಿಕೊಳ್ಳುತ್ತಾರೆ, ಅವನು ತಲೆಯಾಡಿಸುತ್ತ ಗಂಟಲಲ್ಲೇ ಒಂದು ಸದ್ದು ಮಾಡುತ್ತಾನೆ. ಅವರು ಹೇಳಿದ್ದೆಲ್ಲ ಅವನ ಹೊಟ್ಟೆಗೆ ಹೋಗುತ್ತದೆ. ಅವರ ಬಾಯಲ್ಲಿ ಆ ಮಾತು ಮತ್ತೆಂದೂ ಹುಟ್ಟುವುದಿಲ್ಲ. ಕಾಲೇಜಿನ ಹುಡುಗಿಯರು ಹೇಳಿದ ಪ್ರಕಾರ, ಸಿನಿಮಾದಲ್ಲಿ ಗಂಟೆಯ ವರಸೆಯವಳು ಅವನನ್ನು ಕೊಲ್ಲಲು ಕತ್ತಿ ತೆಗೆಯಲಿಲ್ಲವಂತೆ. ಎದುರಿಗೆ ಕೂತು ಏನೂ ಹೇಳದೆ ಸುಮ್ಮನಿದ್ದಳಂತೆ. ನುಂಗಲು ಮಾತಿಲ್ಲದೆ ಅವನು ಒಣಗಿ ಒಣಗಿ ಹೋದನಂತೆ. ಊಟ ಆಯಿತೇ, ಆಯಿತು ಎನ್ನುವ ನಮ್ಮ ಫೋನುಗಳು ಒಮ್ಮೆಲೇ ಕಿವಿಯಲ್ಲಿ ಹಾದುಹೋದವು.

ಆದರೂ ನಾನು ಪಟ್ಟು ಬಿಡಲಿಲ್ಲ. "ನಾ ಅಷ್ಟೇನ್ ಕೆಟ್ಟವ ಅಲ್ಲ ಲಾಲಬಿ. ಆಕಿನ್ನ ಅಷ್ಟ ದೂರ ಹಾಕುವಾಗ ನನ್ನನ್ನ ಒಂದ್ ಮಾತು ಯಾರೂ ಕೇಳ್ಲಿಲ್ಲ, ಅದಕ್ಕ ನಾ ಹಿಂಗ ಆಗೀನಿ" ಎಂದೆ.

"ಯಾಕ್ ಕೇಳ್ಲಿಲ್ರಿ? ಟೀಚರ್ ಕೇಳಿದ್ರಲ್ಲ! ನಾ ಇಲ್ಲೇ ಕುಂತಿದ್ದೆ. ಬಡ್ತಿ ಬಂದದ, ಜಾಗ ಚಿಂಚೋಳಿ ಕಡೆ ಅದ, ಬ್ಯಾಡ ಅಂದ್ರ ಬಿಡೂಕ ಬರ್ತದ, ತಗೊಳ್ಳೇನ್ರಿ ಅಂದ್ರು. ನೀವು ಹೂಂ ಅಂದ್ರಿ."

"ಅವತ್ತು ನನಗ ಛಂದ್ ನೆನಪದ. ಆಕಿ ರೊಟ್ಟಿ ಬಡೀಲಿಕತ್ತಿದ್ಳು, ಕಣ್ಣಾಗ ನೀರಿತ್ತು, ಆರ್ಡರ್ ಬಂದದ ಅಂದ್ಳು."

"ಅವತ್ತ ಎಲ್ಲಿ ರೊಟ್ಟಿರಿ? ನಾನೇ ಖಿಚಡಿ ತಂದಿದ್ದೆ. ಎರಡ್ ಸಲ ಹಾಕ್ಕೊಂಡ್ ತಿಂದ್ರಿ."

ಖಿಚಡಿ ನೆನಪಿತ್ತು. ಅದು ಬೇರೆ ದಿನದ್ದೆಂದುಕೊಂಡಿದ್ದೆ. ಎರಡು ವರ್ಷ ವಾಡಿ ಸ್ಟೇಶನ್ನಿನಲ್ಲಿ ಕೂತು ಊರಿಗೆಲ್ಲ ಹೇಳಿದ ನನ್ನ ಇತಿಹಾಸದಲ್ಲಿ ರೊಟ್ಟಿಯೂ ಸುಳ್ಳು, ಕಣ್ಣೀರೂ ಸುಳ್ಳು. ಇಂಥ ಒಂದೇ ಸಾಕ್ಷಿಯ ಕಥೆಯನ್ನು ವಿದ್ಯಾರ್ಥಿ ಬರೆದುಕೊಟ್ಟಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದೆ.

ಏಳು ಗಂಟೆಗೆ ಕಾಯದೆ ನಾನೇ ಫೋನು ಹಚ್ಚಿದೆ. ನಾನಾಗಿ ಹಚ್ಚಿದ್ದಕ್ಕೆ ನೀಲಾ ಗಾಬರಿಯಾಗಿ, "ಯಾಕ್ರಿ, ಅರಾಮ ಅದೀರಿಲ್ಲೋ?" ಎಂದಳು. ಸೊಂಟದ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅವತ್ತು ಹೂಂ ಅಂದಾಗ ನನಗೆ ಏನೂ ಕೇಳಿಸಿರಲಿಲ್ಲ ಎಂದೆ.

"ನನಗ ಗೊತ್ತಿತ್ರಿ."

"ಗೊತ್ತಿದ್ದೂ ಯಾಕ ಹ್ವಾದಿ?"

ಅವಳು ಮೆಲ್ಲಗೆ, "ಕೇಳಿಸಿಕೊಂಡಿದ್ರ ನೀವು ಬ್ಯಾಡ ಅಂತಿದ್ರಿ. ಬ್ಯಾಡ ಅಂದ್ರ ನಾ ಹೋಗ್ತಿರ್ಲಿಲ್ಲ. ನನಗ ಹೆಡ್‌ಮಾಸ್ತರಾಗೂದಿತ್ತು. ಅದಕ್ಕ, ನೀವು ಪೇಪರ್ ಹಿಡಿದಾಗ ಕೇಳಿದೆ" ಎಂದಳು.

ಏಳು ಮಂದಿ ವೀರರ ವರಸೆಗಳನ್ನು ಬರೆದುಕೊಂಡ ನಾನು ನನ್ನ ಮನೆಯೊಳಗಿನ ಎಂಟನೆಯದನ್ನು ಗುರುತಿಸಿರಲಿಲ್ಲ. ಕೋಪ ಬರಬೇಕಿತ್ತು. ಬಂದದ್ದು ಬೇರೆ ಏನೋ. "ಅಲ್ಲಿ ಛಲೋ ಅದ ಏನು ನಿನಗ?" ಎಂದು ಕೇಳಿದೆ. ಎರಡು ವರ್ಷದಲ್ಲಿ ಇದನ್ನು ಕೇಳಿರಲಿಲ್ಲ ಎಂದು ಕೇಳಿದ ಮೇಲೆ ಹೊಳೆಯಿತು.

"ಸಾಲಿ ಭಾಳ ಛಲೋ ಅದ. ಸಂಜಿಕ ಬಂದು ಖೋಲಿ ಕೀಲಿ ತಗೀಬೇಕಾದ್ರ ಛಲೋ ಅನಸೂದಿಲ್ಲ." ಹಾಗೇ ಮುಂದುವರಿದು, "ಇಲ್ಲಿ ಕಾಲೇಜಿನ್ಯಾಗ ನಿಮ್ಮ ವಿಷಯದ ಜಾಗ ಖಾಲಿ ಅದ ಅಂತ. ಬರ್ತೀರೇನು?"

ಒಂದೊಂದು ಅಕ್ಷರವೂ ಕೇಳಿಸಿತು. ಕೇಳಿಸಿಕೊಳ್ಳುವುದರ ತೊಂದರೆ ನನಗೆ ಆಗ ಗೊತ್ತಾಯಿತು: ಉತ್ತರ ಕೊಡಬೇಕಾಗುತ್ತದೆ.

"ಏನ್ರಿ, ಹ್ವಾದ್ರೇನು?"

"ಇಲ್ಲೇ ಅದೀನಿ. ಕೇಳಿಸಿಕೊಳ್ಳಾಕತ್ತೀನಿ."

"ಕೇಳಿಸಿಕೊಂಡದ್ದು ಸಾಕು, ಹೇಳ್ರಿ ಈಗ."

"ಬರ್ತೀನಿ," ಎಂದೆ.

ಮರುದಿನವೇ ಕಾಲೇಜಿನ ಗುಮಾಸ್ತರಿಂದ ವರ್ಗಾವಣೆಯ ಅರ್ಜಿ ನಮೂನೆ ಇಸಿದುಕೊಂಡೆ. ಕಾರಣ ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದರೆ, "ಪತಿ-ಪತ್ನಿ ಪ್ರಕರಣ ಅಂತ ಬರೀರಿ ಸರ್, ಎಲ್ಲಾರೂ ಅದನ್ನೇ ಬರೀತಾರ" ಎಂದರು. ಬರೆದೆ. ಕೆಳಗೆ 'ಪ್ರಕರಣದ ವಿವರ' ಎಂದು ನಾಲ್ಕು ಸಾಲಿನ ಜಾಗವಿತ್ತು. ನಡೆದದ್ದನ್ನು ನಡೆದಂತೆ ದಾಖಲಿಸಬೇಕು ಎಂದು ಮಕ್ಕಳಿಗೆ ಪಾಠ ಹೇಳುವವನು ನಾನು. ನಾಲ್ಕು ಸಾಲು ಸಾಲದೆ ಹೆಚ್ಚುವರಿ ಹಾಳೆ ಲಗತ್ತಿಸಿದೆ. ಗುಮಾಸ್ತರು ನಿಂತಲ್ಲೇ ಕೊನೆಯವರೆಗೆ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. "ಸರ್, ಅರ್ಜಿಗೆ ಎರಡ್ ಶಬ್ದ ಸಾಕ್ರಿ. ಇದನ್ನ ಮ್ಯಾಲಿನವ್ರು ಓದೂದಿಲ್ಲ, ಓದೋರಿಗೆ ಕೊಡ್ರಿ" ಎಂದು ಹಾಳೆಗಳನ್ನು ಹಿಂದಿರುಗಿಸಿದರು. ಅರ್ಜಿ ಎರಡು ಶಬ್ದ ಹೊತ್ತುಕೊಂಡು ಹೋಯಿತು. ಉಳಿದ ಹಾಳೆಗಳನ್ನು ನೀವು ಇದೀಗ ಓದಿ ಮುಗಿಸಿದಿರಿ. ಓದುತ್ತ ನಡುನಡುವೆ ಹೂಂ ಅಂದಿದ್ದರೆ, ನಿಜವಾಗಿ ಓದಿದ್ದೀರೋ ಇಲ್ಲವೋ ಎಂದು ಪರೀಕ್ಷಿಸುವ ಯೋಗ್ಯತೆಯಂತೂ ನನಗಿಲ್ಲ.