ಒಣಗಲಿಟ್ಟ ಸೈನ್ಯ

ಬಣ್ಣ ಒಣಗಲೆಂದು ಸೈನ್ಯವನ್ನು ಕಿಟಕಿಕಟ್ಟೆಯ ಮೇಲಿಟ್ಟದ್ದೇ ಕನ್ನಡಕದಂಗಡಿಯವ ಮಾಡಿದ ತಪ್ಪು.

ಹೆಬ್ಬೆರಳಿನೆತ್ತರದ ಲೋಹದ ಸೈನಿಕರು. ಎಂದೋ ನಡೆದ ಹಳೆಯ ಯುದ್ಧವೊಂದರವರು. ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಕೋಟಿನ ಗುಂಡಿಯಿಂದ ಮೀಸೆಯ ತುದಿಯವರೆಗೆ ಬಣ್ಣ ಹಚ್ಚಿದ್ದ. ಸಂಜೆ ಔಷಧಿ ಅಂಗಡಿಯವ ತನ್ನ ಸೈನ್ಯದೊಂದಿಗೆ ಬರುವವನಿದ್ದ. ದಾಳ ಉರುಳಿಸಿ, ಟೇಪು ಹಿಡಿದು ಅಳೆದು, ಸೈನಿಕರನ್ನು ನಡೆಸಿ ಇಬ್ಬರೂ ಮೇಜಿನ ಮೇಲೆ ಯುದ್ಧ ಆಡುತ್ತಿದ್ದರು. ಇವನು ಒಮ್ಮೆಯೂ ಗೆದ್ದಿರಲಿಲ್ಲ.

ಹಾದಿಯಲ್ಲಿ ಹೋಗುತ್ತಿದ್ದ ಟೇಲರಮ್ಮ ಕಿಟಕಿಯ ಬಳಿ ನಿಂತಳು. ಹೊಲಿಗೆ ಪಳಗಿಸಿದ ಕಣ್ಣು. ಕೋಟಿನ ಒಂದು ಮಡಿಕೆಯನ್ನೂ ಬಿಡದೆ ನೋಡಿದಳು. ಬಾವುಟ ಹಿಡಿದವನ ಹತ್ತಿರ ಬಂದಾಗ ಕಣ್ಣು ಅಲ್ಲೇ ನೆಟ್ಟಿತು.

"ಇದು ನಮ್ಮನೆಯವರು ಕಣಪ್ಪ. ಆ ಮೂಗು ನೋಡು."

ಮೂಗೆಂದರೆ ಒಂದು ಚುಕ್ಕೆ. ಹಾಗೆಂದು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಆ ಬೀದಿಯಲ್ಲಿ ಅವನ ಕೆಲಸವನ್ನು ಮೆಚ್ಚಿದ ಮೊದಲ ಜೀವ ಆಕೆ. ಅವಳ ಗಂಡನನ್ನೇ ನೆನಪಿಸಿಕೊಂಡು ಬರೆದೆನೆಂದುಬಿಟ್ಟ.

ಮಾತಿಗೆ ಕಾಲು ಬಂತು. ಮಧ್ಯಾಹ್ನದೊಳಗೆ ಇಡೀ ಬೀದಿ ಅವನ ನಡುಮನೆಯಲ್ಲಿತ್ತು. ಮಹಡಿ ಮನೆಯ ಅಜ್ಜ ಬಿಳಿಕುದುರೆಯ ಸೇನಾಪತಿಯಲ್ಲಿ ತನ್ನ ಯೌವನವನ್ನು ಕಂಡ. ಬಸ್ ಡ್ರೈವರ್, ಫಿರಂಗಿಯವನು ತಾನೇ ಎಂದ. ಎದುರುಮನೆಯ ಅಕ್ಕತಂಗಿಯರಲ್ಲಿ, ಒಬ್ಬನೇ ಬಂದೂಕಿನವನನ್ನು ಅಕ್ಕ ತನ್ನ ಗಂಡನೆಂದಳು, ತಂಗಿ ತನ್ನ ಗಂಡನೆಂದಳು. ಇಬ್ಬರೂ ಮಾತು ಬಿಟ್ಟರು. ಎಲ್ಲರ ಬಾಯಲ್ಲೂ ಅವನ ಕೈಗುಣದ್ದೇ ಮಾತು. ಮಳೆ ಕಂಡ ಕಪ್ಪೆಯಂತೆ ಅವನು ಉಬ್ಬಿಹೋದ.

ಸಂಜೆ ಯುದ್ಧ ಶುರುವಾದಾಗ ಅವರೆಲ್ಲ ಮೇಜನ್ನು ಸುತ್ತುವರಿದಿದ್ದರು. ಅಪರೂಪಕ್ಕೆ ದಾಳ ಇವನ ಕಡೆಗಿತ್ತು. ಸೇನಾಪತಿಯನ್ನು ಮುಂದೆ ತಳ್ಳಿದರೆ ಗೆಲುವು ಅಂಗೈಯಲ್ಲಿ. ಅಷ್ಟರಲ್ಲಿ ಅಜ್ಜ ಅವನ ಮಣಿಕಟ್ಟು ಹಿಡಿದ.

"ಆಸ್ಪತ್ರೆಯಿಂದ ಬಂದು ವಾರ ಆಗಿಲ್ಲ ಕಣಯ್ಯ. ನನ್ನನ್ನ ಹಿಂದೆ ಇಡು."

ಟೇಲರಮ್ಮ ಗಂಡನಿಗೆ ಮಂಡಿನೋವೆಂದಳು. ಡ್ರೈವರ್ ನಾಳೆ ಡ್ಯೂಟಿಯಿದೆ ಎಂದ. ಹೀಗೆ ಒಬ್ಬೊಬ್ಬರೂ ಹಿಂದೆ ಸರಿದು ಸೈನ್ಯವೆಲ್ಲ ಮೇಜಿನ ಅಂಚಿಗೆ ಬಂತು. ಅಲ್ಲಿಂದ ಅವರವರ ಅಂಗೈಗೆ ಇಳಿಯಿತು. ಗಾಜಿನ ಬೀರುವಿನಲ್ಲಿ ಜೋಪಾನವಾಗಿಡುತ್ತೇವೆಂದು, ಹಸುಗೂಸನ್ನೊಯ್ಯುವಂತೆ ಒಯ್ದರು. ಅಷ್ಟು ಅಕ್ಕರೆಗೆ ಬೇಡವೆನ್ನಲು ಅವನಿಂದಾಗಲಿಲ್ಲ. ಔಷಧಿ ಅಂಗಡಿಯವ ಒಂದು ಗುಂಡೂ ಹಾರಿಸದೆ ಗೆದ್ದು, ಕೈಕುಲುಕಿ ಹೊರಟುಹೋದ.

ಮೇಜಿನ ಮೇಲೆ ಉಳಿದವನು ನಗಾರಿಯವನೊಬ್ಬ. ಅವನನ್ನು ಯಾರೂ ತಮ್ಮವನೆಂದಿರಲಿಲ್ಲ. ಕನ್ನಡಕದಂಗಡಿಯವನಿಗೆ ಅದೇ ದೊಡ್ಡ ಸಮಾಧಾನ. ಇಡೀ ಸೈನ್ಯದಲ್ಲಿ ನಿಜವಾಗಿ ಮನುಷ್ಯರನ್ನು ನೋಡಿ ಬರೆದ ಮುಖ ಅದೊಂದೇ. ಕನ್ನಡಿಯ ಮುಂದೆ ಕೂತು, ತನ್ನನ್ನೇ ನೋಡಿಕೊಂಡು ಬರೆದಿದ್ದ.

ಕೆಲಸ ಮುಗಿಸಿ ಬಂದ ಹೆಂಡತಿ ನಗಾರಿಯವನನ್ನೆತ್ತಿ ದೀಪದ ಬೆಳಕಿಗೆ ಹಿಡಿದಳು. ನೋಡುತ್ತ ನೋಡುತ್ತ ಅವಳ ಮುಖ ಅರಳಿತು. ಅವನು ನಾಚಿ ತಲೆ ತಗ್ಗಿಸಿದ.

"ಎಷ್ಟು ಚೆನ್ನಾಗಿ ಬರೆದಿದೀರಿ ರೀ," ಎಂದಳು. "ಥೇಟ್ ನಮ್ಮಣ್ಣನೇ. ನಾಳೆ ಹೋಗಿ ಅವನಿಗೆ ಕೊಟ್ಟು ಬರ್ತೀನಿ."