ಬೂದಿಗುಡ್ಡದ ಮೂರು ತಲೆಯ ಘಟಸರ್ಪರಿಗೆ, ಅಳಿಸುವ ಮುನ್ನ

ಇವರಿಗೆ,
ಶ್ರೀಮಾನ್ ಘಟಸರ್ಪರು,
ಬೂದಿಗುಡ್ಡದ ತುತ್ತತುದಿ,
ನನ್ನ ಮನೆಯ ಹಳೆಯ ಕಂಪ್ಯೂಟರ್.

ಮಾನ್ಯರೇ,

ತಮ್ಮ ಮೂರೂ ತಲೆಗಳಿಗೆ ಬೇರೆಬೇರೆಯಾಗಿ ನಮಸ್ಕಾರಗಳು. ನಡುವಿನ ತಲೆಗೆ ಮೊದಲು ಕೈಮುಗಿದೆನೆಂದು ಎಡಬಲದವರು ಬೇಸರಿಸಬಾರದು. ನಮ್ಮ ರಾಯಬಾಗದ ಕಡೆ ಲಗ್ನಪತ್ರಿಕೆಯಲ್ಲಿ ಹೆಸರು ಒಂದು ಸಾಲು ಕೆಳಗಿಳಿದ ಕಾರಣಕ್ಕೆ ಹನ್ನೆರಡು ವರ್ಷ ಮಾತು ಬಿಟ್ಟ ಬೀಗರಿದ್ದಾರೆ, ಆದ್ದರಿಂದ ಮೊದಲೇ ತಿಳಿಸಿಬಿಡುವುದು ಕ್ಷೇಮ. ಇತ್ತ ನಾವೆಲ್ಲ ಸೌಖ್ಯ. ತಮ್ಮ ಸೌಖ್ಯವನ್ನು ಕೇಳುವ ಅಗತ್ಯವಿಲ್ಲ, ಏಕೆಂದರೆ ಶುಕ್ರವಾರ ಸಂಜೆ ನಾನು ಆಟವನ್ನು ಸೇವ್ ಮಾಡಿದಾಗ ತಮ್ಮ ಆರೋಗ್ಯ ನೂರಕ್ಕೆ ನೂರಿತ್ತು, ಮತ್ತೆ ನಾನು ತೆರೆಯುವವರೆಗೆ ಅದು ಅಷ್ಟೇ ಇರುತ್ತದೆ.

ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಒತ್ತಡ ಮತ್ತು ಉಷ್ಣತೆಯ ಮಾಪಕಗಳನ್ನು ನೋಡಿಕೊಳ್ಳುವವನು. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಸಂಜೆಗಳು ಖಾಲಿಯಾಗುತ್ತವೆಂದು ನಿಪ್ಪಾಣಿಯಲ್ಲಿ ಔಷಧದ ಅಂಗಡಿ ನಡೆಸುವ ನನ್ನ ಮಗಳು ಶೀತಲ ಬಂದು, ನಮ್ಮ ಕಂಪ್ಯೂಟರಿಗೆ ಎರಡು ಆಟಗಳನ್ನು ಹಾಕಿಕೊಟ್ಟಳು. ಒಂದು ತಮ್ಮದು, ಒಬ್ಬನೇ ಕುಳಿತು ಆಡುವಂಥದ್ದು. ಇನ್ನೊಂದು ಆನ್‌ಲೈನ್ ಆಟ. ಅದರಲ್ಲೂ ಒಂದು ಘಟಸರ್ಪವಿದೆ, ತಲೆ ಒಂದೇ, ಆದರೆ ಹೊಡೆಯಲು ಹತ್ತು ಜನ ಬೇಕು. ಈಗ ಆ ಎರಡನೆಯ ಆಟ ದೊಡ್ಡದಾಗಿದೆ, ರವಿವಾರದೊಳಗೆ ಜಾಗ ಮಾಡಿಕೊಡದಿದ್ದರೆ ತೆರೆಯುವುದಿಲ್ಲವೆಂದು ಸೂಚನೆ ಬಂದಿದೆ. ಶೀತಲಳಿಗೆ ಫೋನ್ ಮಾಡಿದರೆ, "ಎರಡೂ ಹಿಡಿಯೂದಿಲ್ಲ ಅಪ್ಪಾ, ಒಂದ ತಗದ ಬಿಡ್ರಿ" ಎಂದಳು. ತೆಗೆಯುವುದು ಯಾವುದನ್ನು ಎಂಬ ವಿಷಯದಲ್ಲಿಯೇ ಈ ಪತ್ರ.

ತಾಂತ್ರಿಕವಾಗಿ ನೋಡಿದರೆ ತಮ್ಮ ಕಡೆ ದೋಷವೇ ಇಲ್ಲ. ಊಟಕ್ಕೆ ಕರೆದಾಗ ಆಟ ನಿಲ್ಲಿಸಿದರೆ ತಾವು ಬಾಯಲ್ಲಿ ಬಂದ ಬೆಂಕಿಯನ್ನು ಬಾಯಲ್ಲೇ ಇಟ್ಟುಕೊಂಡು ನಾನು ಕೈ ತೊಳೆದು ಬರುವವರೆಗೆ ಕಾಯುತ್ತೀರಿ. ಇಂಥ ಸೌಜನ್ಯವನ್ನು ನಾನು ನಮ್ಮ ಆಡಳಿತ ಮಂಡಳಿಯಲ್ಲೂ ಕಂಡಿಲ್ಲ. ಕರೆಂಟ್ ಹೋದರೆ ತಾವೂ ಹೋಗುತ್ತೀರಿ, ಬಂದರೆ ಬರುತ್ತೀರಿ, ನಡುವೆ ಏನಾಯಿತೆಂದು ಕೇಳುವುದಿಲ್ಲ. ಗುಡ್ಡ ಹತ್ತಿದ ಪ್ರತಿ ಸಲವೂ ನಡುವಿನ ತಲೆಯಿಂದ "ಬಾ ಮರ್ತ್ಯನೇ, ನಿನ್ನಂಥ ಸಾವಿರ ಜನ ಬಂದು ಇಲ್ಲಿ ಬೂದಿಯಾದರು" ಎಂದು ಗಂಭೀರ ಸ್ವರದಲ್ಲಿ ಸ್ವಾಗತಿಸಿದ್ದೀರಿ. ಈವರೆಗೆ ನಲವತ್ಮೂರು ಸಲ. ತಕರಾರೆಂದು ದಯವಿಟ್ಟು ಭಾವಿಸಬೇಡಿ, ಲೆಕ್ಕ ತಾಳೆಯಾಗುತ್ತಿಲ್ಲವೆಂದಷ್ಟೇ ಹೇಳುತ್ತಿದ್ದೇನೆ: ಆ ಗುಡ್ಡಕ್ಕೆ ನನ್ನ ಹೊರತು ಒಂದು ನರಪಿಳ್ಳೆಯೂ ಬಂದಿಲ್ಲ, ಬರುವ ಸಾಧ್ಯತೆಯೂ ಇಲ್ಲ. ಬೂದಿಯಾದ ನಲವತ್ಮೂರೂ ನಾನೇ.

ಇನ್ನು ಆನ್‌ಲೈನ್ ಆಟದ ಅವ್ಯವಸ್ಥೆಯನ್ನು ನಿವೇದಿಸಿದರೆ ತಮಗೆ ಸಮಾಧಾನವಾದೀತು. ಅಲ್ಲಿ ನಮ್ಮ ತಂಡದ ಮುಖ್ಯಸ್ಥರು ಅಥಣಿಯ ದ್ರಾಕ್ಷಿ ಬೆಳೆಗಾರ ಬಾಳಾಸಾಬ. ಗಾಯಗೊಂಡವರಿಗೆ ಮಂತ್ರ ಹಾಕುವವರು ಏಕಸಂಬಿಯ ನಿವೃತ್ತ ಶಿಕ್ಷಕಿ ಅಕ್ಕುತಾಯಿ. ಬಿಲ್ಲುಗಾರ ಹಾರೂಗೇರಿಯ ಕುರಿಗಾರ ಮಾಳೇಶ; ಆತ ಮೊಬೈಲಿನಲ್ಲಿ ಆಡುತ್ತ, ಬಾಣ ಹೂಡಿದ ಹೊತ್ತಿನಲ್ಲೇ "ಒಂದೀಟ ತಡೀರಿ, ಕುರಿ ಗೊಂಜಾಳದ ಹೊಲಕ್ಕ ಬಿದ್ದಾವ" ಎಂದು ಮಾಯವಾಗುತ್ತಾನೆ. ನಾನು ಢಾಲು ಹಿಡಿದು ಎಲ್ಲರ ಮುಂದೆ ಸುಮ್ಮನೆ ನಿಲ್ಲುವವನು, ಮಾತು ಬೇಕಿಲ್ಲದ ಕೆಲಸ. ಘಟಸರ್ಪದ ಗುಹೆಯ ಬಾಗಿಲು ಪ್ರತಿ ರವಿವಾರ ಸಂಜೆ ಏಳಕ್ಕೆ ತೆರೆದು ಸರಿಯಾಗಿ ಇಪ್ಪತ್ತು ನಿಮಿಷಕ್ಕೆ ಮುಚ್ಚುತ್ತದೆ. ನುರಿತ ತಂಡಗಳು ಹನ್ನೆರಡು ನಿಮಿಷದಲ್ಲಿ ಅದನ್ನು ಕೆಡವುತ್ತವಂತೆ. ನಾವು ಮೊದಲ ಹದಿನಾಲ್ಕು ನಿಮಿಷವನ್ನು ಸ್ವಾಗತ ಭಾಷಣಕ್ಕೆ ಕೊಡುತ್ತೇವೆ.

ಇದು ಉತ್ಪ್ರೇಕ್ಷೆಯಲ್ಲ. ಮೊದಲು ಅಕ್ಕುತಾಯಿಯವರ ಸ್ವಾಗತ ಗೀತೆ, ಅದಕ್ಕೆ ಎಲ್ಲರೂ ಆಯುಧ ಕೆಳಗಿಟ್ಟು ಚಪ್ಪಾಳೆ. ಅನಂತರ ಹತ್ತೂ ಜನರ ಪರಿಚಯ. ಹೇಳುವವರಿಗೂ ಕೇಳುವವರಿಗೂ ಎಲ್ಲರೂ ಗೊತ್ತಿದ್ದರೂ ಬಿಡುವಂತಿಲ್ಲ. ಕೊನೆಗೆ ವಾರಕ್ಕೊಬ್ಬರಿಗೆ ಸತ್ಕಾರ. ನಮ್ಮಲ್ಲಿ ಸತ್ಕಾರವೆಂದರೆ ತಲೆಗೆ ಟೊಪ್ಪಿಗಿ, ಹೆಗಲಿಗೆ ಟಾವೆಲ್, ಕೈಗೆ ತೆಂಗಿನಕಾಯಿ. ಆಟದ ಅಂಗಡಿಯಲ್ಲಿ ಸಿಗುವುದು ಮಂತ್ರವಾದಿಯ ಚೂಪು ಟೊಪ್ಪಿಗೆ ಮಾತ್ರವಾದ್ದರಿಂದ ಅದನ್ನೇ ಏರಿಸುತ್ತಾರೆ. ಹೋದ ತಿಂಗಳು ನನ್ನ ಐವತ್ತೆರಡನೆಯ ಹುಟ್ಟುಹಬ್ಬವೆಂದು ಶೀತಲ ಅವರಿಗೆ ಸುದ್ದಿ ಮುಟ್ಟಿಸಿದ್ದರಿಂದ, ಆ ರವಿವಾರ ಸತ್ಕಾರ ನನಗೆ. ಚೂಪು ಟೊಪ್ಪಿಗೆ ಏರಬೇಕಾದರೆ ಉಕ್ಕಿನ ಶಿರಸ್ತ್ರಾಣ ಇಳಿಯಬೇಕು. ಬಾಳಾಸಾಬ ಅದನ್ನು ಇಳಿಸಿದರು, ಟೊಪ್ಪಿಗೆ ಏರಿಸಿದರು, "ಇವರು ಮಾತು ಕಡಿಮಿ, ಕೆಲಸ ಭಾಳ" ಎಂದು ಶುರುಮಾಡಿದರು, ಅಷ್ಟರಲ್ಲಿ ಗುಹೆಯೊಳಗಿಂದ ಒಂದೇ ಉಸಿರು ಬಂದಿತು. ಢಾಲಿನವನೇ ಬಟ್ಟೆಯ ಟೊಪ್ಪಿಗೆಯಲ್ಲಿ ಉರಿದಾಗ ಹಿಂದಿನ ಒಂಬತ್ತು ಜನ ಏನು ಮಾಡಿಯಾರು? ಚಪ್ಪಾಳೆ ತಟ್ಟುತ್ತಲೇ ಉರಿದರು. ಅದು ನಮ್ಮ ಹದಿನಾಲ್ಕನೆಯ ಸೋಲು, ಮತ್ತು ಈವರೆಗಿನ ಯಾವ ರವಿವಾರವೂ ಒಬ್ಬರೂ ಗೈರುಹಾಜರಿರಲಿಲ್ಲ, ಒಂದು ಸಲದ ಹೊರತು. ಆ ಒಂದು ಸಲ ನಾನು.

ಆಗ ನನಗೆ ಜ್ವರ. ಹನ್ನೊಂದು ದಿನ ಹಾಸಿಗೆಯಲ್ಲಿದ್ದೆ. ನಡುವೆ ಬಂದ ರವಿವಾರ ಏಳು ಗಂಟೆ ಐದು ನಿಮಿಷಕ್ಕೆ ಫೋನ್ ಬಡಿಯಿತು, ನಾನೆಂದೂ ಮುಖ ನೋಡದ ಅಕ್ಕುತಾಯಿ: "ಯಾಕ ತಮ್ಮಾ, ಬರಲೇ ಇಲ್ಲ. ದನಿ ಯಾಕೋ ಬಿದ್ದೈತಿ, ಜ್ವರಾ ಬಂದಾವೇನು? ಔಷಧ ತಗೊಂಡಿಯೋ, ಮೀಟರ್ ನೋಡಕೋತ ಕುಂತಿಯೋ?" ನಂಬರು ಎಲ್ಲಿಂದ ಸಿಕ್ಕಿತೆಂದು ನಾನು ಕೇಳಲಿಲ್ಲ; ಈ ಸೀಮೆಯಲ್ಲಿ ಅದು ಕೇಳುವ ಪ್ರಶ್ನೆಯಲ್ಲ. ಅವತ್ತು ಅವರು ಢಾಲಿಲ್ಲದೆ ಬಾಗಿಲಿನವರೆಗೆ ಹೋಗಿ, ಒಳಗೆ ಕಾಲಿಡದೆ, ನನ್ನ ಆರೋಗ್ಯಕ್ಕಾಗಿ ಒಂದು ನಿಮಿಷ ನಿಂತು ವಾಪಸಾದರಂತೆ. ಖಾಸಗಿ ಬದುಕಿನ ಮೇಲಿನ ಇಂಥ ಅತಿಕ್ರಮಣ ತಮ್ಮಿಂದ ಎಂದೂ ಆಗಿಲ್ಲ. ಹನ್ನೊಂದು ದಿನ ತಾವು ಗುಡ್ಡದ ಮೇಲೆ ಬಾಯಿ ತೆರೆದು ನಿಂತೇ ಇದ್ದಿರಿ, ಮತ್ತು ಹನ್ನೆರಡನೆಯ ದಿನ ನಾನು ಹತ್ತಿ ಬಂದಾಗ, ಸಾವಿರ ಜನ ಬಂದು ಬೂದಿಯಾದರೆಂದು ತಿಳಿಸಿದಿರಿ.

ಮಾನ್ಯರೇ, ನನ್ನ ವೃತ್ತಿಯ ಒಂದು ಮಾತು ಹೇಳುತ್ತೇನೆ. ಬಾಯ್ಲರಿನ ಮೇಲಿನ ಮಾಪಕದ ಮುಳ್ಳು ಆರು ತಿಂಗಳು ಅಲುಗದೆ ಒಂದೇ ಅಂಕಿ ತೋರಿಸುತ್ತಿದ್ದರೆ ಹೊಸಬರು ಅದನ್ನು ನಂಬಿಗಸ್ತ ಮಾಪಕ ಎನ್ನುತ್ತಾರೆ. ನಾವು ಬಿಚ್ಚಿ ನೋಡುತ್ತೇವೆ.

ಸುಟ್ಟ ಸತ್ಕಾರದ ಮರುದಿನ ಸಂಜೆ ಬಾಳಾಸಾಬ ಮತ್ತು ಮಾಳೇಶ ಒಂದು ಬುಟ್ಟಿ ದ್ರಾಕ್ಷಿಯೊಂದಿಗೆ ನಮ್ಮ ಮನೆಗೇ ಬಂದರು. ನಾನು ಚಪ್ಪಲಿಯ ಶಬ್ದ ಕೇಳಿ ಒಳಗೆ ಹೋಗಬೇಕೆನ್ನುವಷ್ಟರಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿಯಾಗಿತ್ತು. "ಅರ್ಧಕ್ಕ ನಿಂತ ಸತ್ಕಾರ ಛಲೋ ಅಲ್ರಿ ಸಾಹೇಬ್ರ. ಅದು ಸುಟ್ಟ ಹೋತು, ಇದು ಖಾದೀದು" ಎಂದು ಬಾಳಾಸಾಬ ಬಿಳಿ ಟೊಪ್ಪಿಗಿ ಇಟ್ಟು, ಟಾವೆಲ್ ಹೊದಿಸಿ, ಕಾಯಿ ಕೊಟ್ಟರು. ಸತ್ಕಾರ ಸ್ವೀಕರಿಸಿದವರು ಎರಡು ಮಾತು ಆಡಬೇಕೆಂಬುದು ರೂಢಿ. ನಾನು ಎದ್ದು ನಿಂತು, ಟೊಪ್ಪಿಗಿಯನ್ನು ಮುಂದಿನ ಸಲ ಘಟಸರ್ಪ ಬಿದ್ದ ಮೇಲೆ ಹಾಕುವುದು ಎಲ್ಲ ದೃಷ್ಟಿಯಿಂದ ಉಚಿತವೆಂದು, ಕಾರಣಸಹಿತ ವಿವರಿಸಿದೆ. ಅವರು ಹೋದ ಮೇಲೆ ನನ್ನ ಹೆಂಡತಿ ಸೀಮಾ, "ದಿನಕ್ಕ ಹನ್ನೊಂದ ಮಾತ ಆಡೂ ಮನಷ್ಯಾ, ಇವತ್ತ ನಾಕ ದಿನದ್ದು ಒಮ್ಮೆಲೇ ಆಡಿಬಿಟ್ಟ್ರಿ" ಎಂದಳು. ಅವಳು ಎಣಿಸುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನನ್ನ ಸಲಹೆಯನ್ನು ತಂಡ ಸರ್ವಾನುಮತದಿಂದ ಒಪ್ಪಿತು. ಸ್ವಾಗತ ಭಾಷಣವನ್ನು ಮಾತ್ರ, ಉಳಿದ ಸಮಯವನ್ನು ಸದುಪಯೋಗಪಡಿಸಿಕೊಳ್ಳುವ ಸಲುವಾಗಿ, ನಾಲ್ಕು ನಿಮಿಷ ಹೆಚ್ಚಿಸಲಾಗಿದೆ. ಮುಂದೆಯೂ ನಾವು ಸೋಲುತ್ತೇವೆ, ಇದರಲ್ಲಿ ಸಂದೇಹವಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ಕರೆಂಟ್ ಬಂದ ಮೇಲೆ "ಬಂತೇನ್ರಿ" ಎಂದೊಮ್ಮೆ ಕೇಳಬೇಕು. ನಾನು ಮೂರು ದಿನ ಬಾರದಿದ್ದರೆ ಎಡದ ತಲೆಯನ್ನಾದರೂ, ಹೇಗೂ ಅದಕ್ಕೆ ಹೆಚ್ಚಿನ ಕೆಲಸ ಕಾಣಿಸುವುದಿಲ್ಲ, ಕೆಳಗೆ ಕಳುಹಿಸಿ ವಿಚಾರಿಸಬೇಕು. ಮತ್ತು ನಲವತ್ನಾಲ್ಕನೆಯ ಸಲ ನನ್ನನ್ನು ಕಂಡಾಗ, ಸಾಧ್ಯವಾದರೆ, ಗುರುತು ಹಿಡಿಯಬೇಕು. ಇವುಗಳಲ್ಲಿ ಒಂದನ್ನು ಶನಿವಾರದೊಳಗೆ ನೆರವೇರಿಸಿದರೂ ನಾನು ಆ ಹತ್ತು ಜನರ ಗದ್ದಲವನ್ನು ಸಂತೋಷದಿಂದ ಅಳಿಸಿ, ತಮ್ಮ ನಿಶ್ಶಬ್ದ ಗುಡ್ಡಕ್ಕೆ ಮರಳುತ್ತೇನೆ. ಇಲ್ಲವಾದರೆ ರವಿವಾರ ಸಂಜೆ ಆರೂವರೆಗೆ ತಮ್ಮ ಗುಡ್ಡ, ಬೆಂಕಿ ಮತ್ತು ನನ್ನ ನಲವತ್ಮೂರು ಬೂದಿರಾಶಿಗಳ ಸಮೇತ ತಮ್ಮನ್ನು ತೆರವುಗೊಳಿಸಬೇಕಾಗುತ್ತದೆ.

ಈವರೆಗೆ ತಮ್ಮ ಏಕೈಕ ವಿಶ್ವಾಸಿ,
ಧರೆಪ್ಪ ಖೋತ
ರಾಯಬಾಗ

ವಿ.ಸೂ.: ತಮ್ಮ ತೆರವಿನ ಸುದ್ದಿ ಹೇಗೋ ಬಾಳಾಸಾಬರಿಗೆ ತಲುಪಿದೆ. ಬರಿಗೈಯಲ್ಲಿ ಯಾರನ್ನೂ ಕಳಿಸುವುದು ನಮ್ಮ ಪದ್ಧತಿಯಲ್ಲವೆಂದು ಇಡೀ ತಂಡ ರವಿವಾರ ನಮ್ಮ ಮನೆಗೆ ಬಂದು, ಕಂಪ್ಯೂಟರಿನ ಮುಂದೆ ತಮಗೆ ಬೀಳ್ಕೊಡುಗೆಯ ಸತ್ಕಾರ ಏರ್ಪಡಿಸಲಿದೆ. ಟೊಪ್ಪಿಗಿ ಮೂರೂ ಒಂದೇ ಅಳತೆಯವು ನಡೆಯುತ್ತವೆಯೇ ಎಂದು ಕೇಳಿದ್ದಾರೆ. ಕೊನೆಯಲ್ಲಿ ತಾವು ಎರಡು ಮಾತು ಆಡಬೇಕಾಗುತ್ತದೆ. ಆ ಸಾವಿರ ಜನರ ವಿಷಯವನ್ನು ದಯವಿಟ್ಟು ಎತ್ತಬೇಡಿ. ಪರಿಚಯ ಮಾಡಿಸಲು ಬಾಳಾಸಾಬ ಒಬ್ಬೊಬ್ಬರ ಹೆಸರೂ ಕೇಳುತ್ತಾರೆ.